ಒಂದೂವರೆ ಜನರ ಹಡಗು

ಮೊಮ್ಮಗಳಿಗೆ ನಾನಿಟ್ಟ ಹೆಸರು ಲಾಯರಮ್ಮ. ಮಾತಿಗೆ ನಿಂತರೆ ಗೋಡೆಯನ್ನೂ ಒಪ್ಪಿಸಿಬಿಡುವವಳು. ಅಂಥವಳು ಮೂರನೆಯ ತರಗತಿಯಲ್ಲಿ ಒಂದು ದಿನ ಗಟ್ಟಿಯಾಗಿ ಪಾಠ ಓದುವಾಗ ತಡವರಿಸಿದಳು, ಮಕ್ಕಳು ನಕ್ಕರು. ಅಂದಿನಿಂದ ಪುಸ್ತಕ ಕೈಗೆ ಕೊಟ್ಟರೆ ತುಟಿ ಹೊಲಿದುಕೊಂಡಂತೆ ಕೂರುತ್ತಿದ್ದಳು. ರಜೆ ಬರುವುದರೊಳಗೆ ಬಾಯಿಬಿಟ್ಟು ಓದದಿದ್ದರೆ ಓದಿನ ಪೀರಿಯಡ್ಡಿಗೆ ಒಂದನೆಯ ತರಗತಿಯ ಮಕ್ಕಳ ಜೊತೆ ಕೂರಿಸುವುದಾಗಿ ಟೀಚರು ಹೇಳಿ ಕಳಿಸಿದ್ದರು. ರಜೆ ಶುರುವಾಗಲು ಉಳಿದದ್ದು ಐದೇ ವಾರ.

ಮಗಳು ಆಸ್ಪತ್ರೆಯ ಲ್ಯಾಬಿನಿಂದ ಮನೆಗೆ ಬರುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಹುಡುಗಿ ನನ್ನ ಪಾಲು. ನಾನು ನಲವತ್ತು ವರ್ಷ ಶರ್ಟುಗಳಿಗೆ ಕಾಜಾ ಹೊಲಿದವಳು. ಅಕ್ಷರ ಕಲಿತದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಓದಲು ಬಾರದವರ ನಾಚಿಕೆ ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಪಾಠ ಬೇಡವೆನ್ನುವವಳು ಆಟ ಬೇಡವೆಂದಾಳೆಯೇ? ಆಟದೊಳಗೇ ಓದು ಇರುವಂಥದ್ದು ಸಿಕ್ಕೀತೇನೋ ಎಂದು ಆಟಿಕೆ ಅಂಗಡಿಗೆ ಹೋದೆ.

"ಎಷ್ಟು ಜನ ಆಡೋದು?" ಅಂಗಡಿಯಾಕೆ ಕೇಳಿದಳು.

"ಒಂದೂವರೆ," ಎಂದೆ. "ಒಬ್ಬರು ಸೋತು ಇನ್ನೊಬ್ಬರು ಗೆಲ್ಲೋದು ಬೇಡಮ್ಮ. ಸೋತ್ರೆ ನನ್ನ ಮೊಮ್ಮಗಳು ಆಟದ ಹಲಗೇನೇ ಮಗುಚಿ ಹಾಕ್ತಾಳೆ. ಒಳಗೆ ಕಥೆ ಇರಬೇಕು. ಮೊದಲು ನಾನೊಬ್ಬಳೇ ಆಡಿ ಕಲಿಯೋ ಹಾಗಿರಬೇಕು."

"ಗಂಡು ಹುಡುಕಿದ ಹಾಗೆ ಹುಡುಕ್ತಿದ್ದೀರಲ್ಲ ಅಜ್ಜಿ," ಎನ್ನುತ್ತ ಮೂರು ಡಬ್ಬಿ ಇಟ್ಟಳು. ಒಂದರ ಮೇಲೆ ರಾಕ್ಷಸನ ಹಲ್ಲು. ಮಗುವಿನ ಮಾತಿರಲಿ, ನನಗೇ ನಿದ್ದೆ ಬಾರದು. ಇನ್ನೊಂದರೊಳಗೆ ಸಾಸಿವೆ ಕಾಳಿನಂಥ ಅಕ್ಷರ. ಮೂರನೆಯದರಲ್ಲಿ ಪುಟ್ಟದೊಂದು ಮರದ ಹಡಗು.

"ಇದರಲ್ಲಿ ಎಲ್ಲರೂ ಒಂದೇ ಹಡಗಲ್ಲಿ. ಮಂಜು ಕವಿಯೋದ್ರೊಳಗೆ ದ್ವೀಪಕ್ಕೆ ದೀಪ ಮುಟ್ಟಿಸಬೇಕು. ಮುಟ್ಟಿಸಿದ್ರೆ ಎಲ್ಲರೂ ಗೆದ್ರಿ, ಮುಳುಗಿದ್ರೆ ಎಲ್ಲರೂ ಮುಳುಗಿದ್ರಿ. ಒಬ್ಬರೇ ಕೂತೂ ಆಡಬಹುದು."

ಅದನ್ನೇ ಕೊಂಡು ತಂದೆ. ಹಡಗಿನ ಜೊತೆ ಒಂದು ಕಥೆ ಪುಸ್ತಕ. ಎಂಬತ್ತನಾಲ್ಕು ತುಣುಕು, ಒಂದೊಂದಕ್ಕೂ ನಂಬರು. ಪುಸ್ತಕ ಹಿಡಿದ ಮೇಲೆ ಮೊದಲಿನಿಂದ ಕೊನೆಯವರೆಗೆ ಒಂದು ಸಾಲನ್ನೂ ಹಾರಿಸಬಾರದೆಂದು ರಾತ್ರಿ ಶಾಲೆಯ ಮೇಷ್ಟ್ರು ಕಲಿಸಿದ್ದರು. ಹಾಗೇ ನಾಲ್ಕು ದಿನ ಕೂತು ಓದಿದೆ. ತಲೆಬುಡ ತಿಳಿಯಲಿಲ್ಲ. ಹನ್ನೆರಡರಲ್ಲಿ ಮುಳುಗಿ ಸತ್ತ ಕಪ್ತಾನ ಹದಿಮೂರರಲ್ಲಿ ಚಹಾ ಕುಡಿಯುತ್ತಿದ್ದ. ಬರೆದವನ ತಲೆ ನೆಟ್ಟಗಿಲ್ಲ ಎಂದುಕೊಂಡು ಪುಸ್ತಕ ಸಮೇತ ಮತ್ತೆ ಅಂಗಡಿಗೆ ಹೋದೆ.

"ಹಾಳೆಗಳನ್ನ ಅದಲುಬದಲು ಹೊಲಿದುಬಿಟ್ಟಿದ್ದಾರೆ ನೋಡಮ್ಮ."

ಆಕೆ ತುಟಿ ಕಚ್ಚಿ ನಗು ತಡೆದಳು. "ಅಜ್ಜಿ, ಹಲಗೆ ಮೇಲೆ ಹಡಗು ಎಲ್ಲಿ ನಿಲ್ಲುತ್ತೋ ಅಲ್ಲಿರೋ ನಂಬರ್ ಮಾತ್ರ ಓದಬೇಕು. ಉಳಿದದ್ದು ಗುಟ್ಟು. ಎಲ್ಲಾ ಓದಿಬಿಟ್ರಾ?"

"ಎರಡೆರಡು ಸಲ."

"ಬೇರೆ ಆಟ ಕೊಡ್ಲಾ?"

"ಬೇಡ. ಅವಳಾಗಲೇ ಹಡಗಿಗೆ ಹೆಸರಿಟ್ಟಾಯ್ತು."

ಶನಿವಾರ ಮಧ್ಯಾಹ್ನ ಆಟ ಹೂಡಿದೆವು. "ನೀನೇ ಓದಜ್ಜಿ," ಎಂದಳು. ಓದಿದೆ. ಮೂರನೆಯ ನಿಲುಗಡೆಯಲ್ಲಿ ಗುಹೆಯೊಳಗೆ ಹೋಗುವುದೋ, ಬಂಡೆ ಬಳಸುವುದೋ ಆರಿಸಬೇಕಿತ್ತು. ಅವಳು ಗುಹೆಯ ಮೇಲೆ ಬೆರಳಿಟ್ಟಳು. ನನ್ನ ಹುಬ್ಬು ಏರಿರಬೇಕು. ಬೆರಳು ಬಂಡೆಯ ಕಡೆ ಸರಿಯಿತು. ಹುಬ್ಬು ಏರಿದ್ದು ಖುಷಿಗೆ, ಗುಹೆಯಲ್ಲಿ ನಿಧಿಯಿತ್ತು.

"ಅಜ್ಜಿ, ನಿನಗೆ ಮೊದಲೇ ಎಲ್ಲಾ ಗೊತ್ತು."

ಪೂರ್ತಿ ಓದಿದ್ದನ್ನೂ ಅಂಗಡಿಗೆ ಜಗಳಕ್ಕೆ ಹೋದದ್ದನ್ನೂ ಒಪ್ಪಿಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೈಕಟ್ಟಿ ತೀರ್ಪು ಕೊಟ್ಟಳು.

"ಇದು ಮೋಸ. ಇನ್ಮೇಲೆ ನೀನು ಪುಸ್ತಕ ಮುಟ್ಟೋ ಹಾಗಿಲ್ಲ. ಮುಖಾನೂ ಆ ಕಡೆ ತಿರುಗಿಸ್ಕೋ."

"ಆಯ್ತು ಲಾಯರಮ್ಮ. ಹಾಗಾದ್ರೆ ಓದೋರು ಯಾರು?"

ತೀರ್ಪು ಕೊಟ್ಟವಳೇ ಸಿಕ್ಕಿಬಿದ್ದಳು. ನಾನು ಗೋಡೆಗೆ ಮುಖ ಮಾಡಿ ಕೂತೆ. ಬಹಳ ಹೊತ್ತಿನ ಮೇಲೆ ಹಾಳೆ ತಿರುವಿದ ಸದ್ದಾಯಿತು.

"ಮೂವತ್ತೊಂದು. ಬಂಡೆಯ ಹಿಂದೆ ಒಂದು... ತಿ... ತಿಮಿ..."

ಪದ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ನಾನು ತಡವರಿಸಿದಾಗ ಮೇಷ್ಟ್ರು ಎಂದೂ ಪದ ಎತ್ತಿಕೊಟ್ಟವರಲ್ಲ. ಲೋಕದಲ್ಲಿ ಬೇರೆ ಕೆಲಸವೇ ಇಲ್ಲವೆಂಬಂತೆ ಕನ್ನಡಕ ತೆಗೆದು ಒರೆಸುತ್ತ ಕೂರುತ್ತಿದ್ದರು. ನಾನೂ ಕನ್ನಡಕ ತೆಗೆದೆ. ಒರೆಸಿದೆ. ಇನ್ನೊಂದು ಗಾಜನ್ನೂ ಒರೆಸಿದೆ.

"ತಿಮಿಂಗಿಲ," ಎಂದಳು ಬೆನ್ನ ಹಿಂದಿನಿಂದ. "ಅಜ್ಜಿ, ನಮ್ಮ ಕಥೆ ಮುಗೀತು."

ಮುಗಿಯಿತು. ನಾಲ್ಕು ತುಣುಕಿನೊಳಗೆ ಹಡಗು ತಳ ಸೇರಿತು. ಹಲಗೆ ಮಗುಚೀತೆಂದು ಕಾದೆ, ಮಗುಚಲಿಲ್ಲ.

"ನೀನೂ ಮುಳುಗಿದೆ ತಾನೇ?"

"ನಿನಗಿಂತ ಮೊದಲು. ನಂಗೆ ಈಜು ಬರಲ್ಲ."

"ಹಾಗಾದ್ರೆ ಇನ್ನೊಂದ್ಸಲ."

ಆರು ಗಂಟೆಗೆ ನಾನು ತಿರುಗಿ ನೋಡಿದಾಗ ಮಗಳು ಬಾಗಿಲಲ್ಲಿ ಒಂದು ಶೂ ಕೈಯಲ್ಲಿ, ಇನ್ನೊಂದು ಕಾಲಲ್ಲಿ ಹಾಗೇ ನಿಂತಿದ್ದಳು. ಒಳಗೆ ಬಂದರೆ ಎಲ್ಲಿ ಆ ದನಿ ನಿಂತುಹೋಗುತ್ತದೋ ಎಂಬ ಭಯ ಅವಳಿಗೆ.

ನಾಲ್ಕನೆಯ ವಾರ ಲಾಯರಮ್ಮ ತರಗತಿಯಲ್ಲಿ ಎದ್ದು ನಿಂತು ಒಂದು ಪುಟ ಓದಿದಳು. ನಡುವೆ ಯಾರೋ ನಕ್ಕರಂತೆ. "ತಾಳು, ಪದ ಬರ್ತಾ ಇದೆ," ಎಂದಳಂತೆ. ಓದಿನ ಪೀರಿಯಡ್ಡಿಗೂ ಈಗ ಅವಳ ಜಾಗ ಅವಳಿಗೇ ಇದೆ.

ಅಂಗಡಿಯಾಕೆಗೆ ಹೋಗಿ ಹೇಳಿಬಂದೆ. ಮೇಷ್ಟ್ರು ಈಗಿಲ್ಲ, ಕನ್ನಡಕ ಒರೆಸುವಾಗಲೆಲ್ಲ ಅವರಿಗೊಂದು ನಮಸ್ಕಾರ ಸಲ್ಲುತ್ತದೆ. ಪುಸ್ತಕ ಬರೆದವರು ಯಾರೋ ಎಲ್ಲಿಯವರೋ, ಅವರ ತಲೆಯ ಬಗ್ಗೆ ಆಡಿದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಲಾಯರಮ್ಮ ಶಾಲೆಗೆ ಹೋದ ಮೇಲೆ ನಾನೊಬ್ಬಳೇ ಹಡಗು ಬಿಡುತ್ತೇನೆ. ಪುಸ್ತಕ ಅವಳ ಬ್ಯಾಗಿನಲ್ಲಿರುತ್ತದೆ, ತೀರ್ಪು ಇನ್ನೂ ಜಾರಿಯಲ್ಲಿದೆ. ಪರವಾಗಿಲ್ಲ, ಎಂಬತ್ತನಾಲ್ಕೂ ನನಗೆ ಬಾಯಿಪಾಠ.