ಸೊಂಟದಲ್ಲಿ ಜೀಪಿನ ಕೀಲಿ

"ಬಿಸಿಲೂರಿನ ರಾಜಗ ಒಬ್ಬಾಕೀನ ಮಗಳಂತ. ಮೋಡ ಮುಟ್ಟಿ ಬರ್ತೀನಂತ ಬೆಟ್ಟ ಹತ್ತಿದ್ಲು," ಅಂಬುಜಮ್ಮ ಜೀಪಿನ ಹಿಂದಿನ ಸೀಟಿನಿಂದ ಶುರು ಮಾಡಿದಳು. "ಆಕೀಗಿಂತ ಮೊದಲು ಹೋದ ಗಂಡಸರೆಲ್ಲ ಅರ್ಧ ದಾರಿಯೊಳಗ ಹಿಂದಕ್ಕ ತಿರುಗಿ ಕಲ್ಲಾಗಿದ್ರು. ಕುರುಗೋಡಿನ ಗುಡ್ಡದ ತುಂಬ ಬಿದ್ದಾರಲ್ಲ, ಅವರ."

ಸ್ಟೀರಿಂಗ್ ಹಿಡಿದಿದ್ದ ಮೊಮ್ಮಗಳು ಮಂದಾಕಿನಿ ಹೂಂಗುಟ್ಟುತ್ತಲೇ ಗೇರು ಬದಲಿಸಿದಳು. ಬಂಡೀಪುರದ ಕಾಡಿನೊಳಗೆ ಗೋಪಾಲಸ್ವಾಮಿ ಬೆಟ್ಟದ ರಸ್ತೆ ಸುತ್ತಿ ಸುತ್ತಿ ಏರುತ್ತಿತ್ತು. ದಾರಿಯ ಮೇಲೆ ಹಸಿ ಆನೆಲದ್ದಿ ಹಬೆಯಾಡುತ್ತಿತ್ತು. ಬಿದಿರುಮೆಳೆಗಳ ಕೆಳಗೆ ಕಣಿವೆ ನೀಲಿಯಾಗಿ ಬಿದ್ದಿತ್ತು. ಸಿರುಗುಪ್ಪದ ಕಾಲುವೆ ದಂಡೆಯ ಮೇಲೆ ಜೀಪು ಕಲಿತವಳಿಗೆ, ರಸ್ತೆ ಹೀಗೆ ಆಕಾಶಕ್ಕೆ ಏರುವುದು ಅಜ್ಜಿಯ ಕಥೆಗಳಲ್ಲಷ್ಟೇ ಗೊತ್ತಿತ್ತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆ ಬಿಟ್ಟು ಹೊರಬರದ ಅಜ್ಜಿಗೆ ಮೋಡ ಮುಟ್ಟಿಸುತ್ತೇನೆಂದು ಲಂಗ ಉಡುವ ವಯಸ್ಸಿನಲ್ಲೇ ಮಾತು ಕೊಟ್ಟಿದ್ದಳು. ಜೀಪು ಕಾಕಾ ಜಯತೀರ್ಥನದು. ದಾರಿಯಲ್ಲಿ ಒಮ್ಮೆ ತನಗೆ ಸ್ಟೀರಿಂಗ್ ಬಿಟ್ಟುಕೊಟ್ಟರೂ ಅವಳು ಮತ್ತೆಂದೂ ಅದನ್ನು ಮುಟ್ಟಕೂಡದೆಂದು ಅವನ ಕರಾರು. ಪಕ್ಕದಲ್ಲೇ ಕುಳಿತು ಅದನ್ನೇ ಕಾಯುತ್ತಿದ್ದ.

ಕಡಿದಾದ ತಿರುವಿನಲ್ಲಿ ಮೇಲಿನಿಂದ ಇಳಿದ ಟ್ಯಾಕ್ಸಿಯೊಂದು ಎದುರಿಗೆ ನಿಂತಿತು. ಒಂದೇ ಗಾಡಿಯ ಅಗಲದ ರಸ್ತೆ. ಟ್ಯಾಕ್ಸಿಯ ಹಿಂದೆಯೇ ಬದಿಗೆ ಒತ್ತರಿಸಿ ನಿಲ್ಲಲು ಜಾಗವಿತ್ತು. ಡ್ರೈವರ್ ತಲೆ ಹೊರಹಾಕಿ ಅವಳ ಜಡೆ ನೋಡಿ ನಕ್ಕ. "ಹಿಂದಕ್ ತಗೊಳ್ಳವ್ವ. ಆಗ್ದಿದ್ರೆ ಯಜಮಾನ್ರಿಗ್ ಕೊಟ್ಬುಡು."

"ಹತ್ತೋ ಗಾಡಿಗೆ ಇಳಿಯೋರು ದಾರಿ ಬಿಡಬೇಕ್ರಿ. ನಾ ಹಿಂದಕ್ಕ ಹೋಗಂಗಿಲ್ಲ."

"ಇಳಿ ಮಂದಾ, ಆಟ ಸಾಕು. ನಾ ತಗೋತೀನಿ," ಎಂದು ಕಾಕಾ ಕೈ ಚಾಚಿದ.

ಅವಳು ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿಸಿ, ಕೀಲಿ ಕಿತ್ತಳು. ಕಾಕಾ ಅದಕ್ಕೆ ಕೈಹಾಕುವಷ್ಟರಲ್ಲಿ ಹಿಂದಿನಿಂದ ಅಜ್ಜಿಯ ಬೊಗಸೆ ಬಂದಿತ್ತು.

"ಮ್ಯಾಲಿಂದ ಹಾಕವಾ. ಮುಟ್ಟಬ್ಯಾಡ."

ಬೆಟ್ಟದ ಬುಡದಲ್ಲಿ ತಣ್ಣೀರು ಸುರಿದುಕೊಂಡು ಮಡಿ ಉಟ್ಟಿದ್ದಳು ಅಂಬುಜಮ್ಮ. ದರ್ಶನವಾಗುವ ತನಕ ಹೆತ್ತ ಮಗನೂ ಅವಳನ್ನು ಮುಟ್ಟುವಂತಿಲ್ಲ. ಗಂಡ ಹೋದಂದಿನಿಂದ ಇದೇ ಮಡಿ ಅವಳನ್ನು ಅಡುಗೆಮನೆಗೂ ಬಾವಿಕಟ್ಟೆಗೂ ನಡುವೆ ಕಟ್ಟಿಹಾಕಿತ್ತು. ಈಗ ಜೀಪಿನ ಕೀಲಿಯನ್ನು ಉಗ್ರಾಣದ ಕೀಲಿಯಂತೆ ಕೆಂಪು ಸೀರೆಯ ಸೊಂಟಕ್ಕೆ ಸಿಕ್ಕಿಸಿ, ಕಾಲು ಮಡಿಸಿ ಕುಳಿತಳು.

"ಬಾ ಜಯ್ಯಾ, ತಗೋ."

ಜಯತೀರ್ಥನ ಕೈ ಗಾಳಿಯಲ್ಲೇ ನಿಂತಿತು. ಡ್ರೈವರ್ ಹಾರ್ನ್ ಒತ್ತಿದ. ರಾಜಕುಮಾರಿಯನ್ನೂ ಹೀಗೇ ಹಿಂದಕ್ಕೆ ಕೂಗಿ ಕರೆದರಂತೆ ಎಂದು ಅಜ್ಜಿ ಕಥೆ ಮುಂದುವರಿಸಿದಳು. ಮಂದಾಕಿನಿ ಹೂಂಗುಟ್ಟಿದಳು. ಅಷ್ಟರಲ್ಲಿ ಕೆಳಗೆಲ್ಲೋ ಬಿದಿರು ಲಟಲಟನೆ ಮುರಿದ ಸದ್ದಾಯಿತು. ಆನೆ ಬಂತೆಂದು ಟ್ಯಾಕ್ಸಿಯೊಳಗಿನ ಹೆಂಗಸರು ಡ್ರೈವರನನ್ನೇ ಬೈಯತೊಡಗಿದರು. ಅವನು ಗೊಣಗುತ್ತ ಟ್ಯಾಕ್ಸಿಯನ್ನು ಹಿಂದಕ್ಕೆ ಏರಿಸಿ ಬದಿಗೆ ಒತ್ತರಿಸಿದ.

ಅಜ್ಜಿ ಕೀಲಿಯನ್ನು ಮೇಲಿನಿಂದಲೇ ಮಂದಾಕಿನಿಯ ಮಡಿಲಿಗೆ ಹಾಕಿದಳು. ಟ್ಯಾಕ್ಸಿಯನ್ನು ದಾಟುವಾಗ, "ಅದೊಂದು ಕಲ್ಲಾತು ನೋಡು," ಎಂದಳು.

ಮೇಲೆ ಜೀಪು ನಿಂತಲ್ಲಿಗೆ ಗುಡಿಯೂ ಕಾಣುತ್ತಿರಲಿಲ್ಲ. ಹುಲ್ಲಿನ ಮೇಲೆ ಬೆಳ್ಳಗೆ ಮೋಡ ಜರುಗಿ ಬರುತ್ತಿತ್ತು. ಅಂಬುಜಮ್ಮ ಒಬ್ಬಳೇ ಇಳಿದು ಅದರೆದುರು ನಿಂತಳು. ಮೋಡ ಅವಳ ಬರಿಗಾಲು ಮುಟ್ಟಿತು, ಸೀರೆಯ ಅಂಚು ಮುಟ್ಟಿತು, ಸೆರಗು ಜಾರಿದ ಬೋಳುತಲೆಯನ್ನು ಮುಟ್ಟಿತು. ಅವಳು ಸರಿದು ನಿಲ್ಲಲಿಲ್ಲ.