ಕೆಂಚಮ್ಮ ತಲುಪುವಷ್ಟರಲ್ಲಿ

ಬೇಲಿಯ ಮೇಲೆ ಯಾರದೋ ಕಂಬಳಿ, ಒಂದು ಮೂಲೆ ಇಲಿ ಕಡಿದದ್ದು, ಅದನ್ನೇ ನೋಡುತ್ತಿರುವಂತೆ ಕೆಂಚಮ್ಮ ನಿಂತಳು, ಕಂಬಳಿಯಿಂದ ಅವಳಿಗೆ ಆಗಬೇಕಾದ್ದೇನೂ ಇಲ್ಲ, ಎಡಗಾಲಿನ ಮೀನಖಂಡವನ್ನು ಯಾರೋ ಒಳಗಿನಿಂದ ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದಾರೆ, ಹಿಂಡಲಿ, ನಿಂತರೆ ಬಿಡುತ್ತದೆ, ಬಿಟ್ಟ ಮೇಲೆ ಏನೂ ಆಗೇ ಇಲ್ಲವೆಂಬಂತೆ ಇರುತ್ತದೆ ಈ ಹಾಳು ಕಾಲು, ಇನ್ನೂರು ಹೆಜ್ಜೆಗೆ ಮತ್ತೆ ಶುರು — ಆ ಕಡೆ ದೊರೆಯ ಕಾಫಿ ತೋಟದ ಕೂಲಿಯವರ ಲೈನುಮನೆಯಲ್ಲಿ ಸಿದ್ದಿಗೆ ಬೆಳಗಿನಿಂದ ನೋವು, ಚೊಚ್ಚಲು, ಅವಳ ಗಂಡ ಚೋಮ ಓಡಿಬಂದು ಬೇಗ ಬನ್ನಿ ಅವ್ವಾ ನೀರು ಹೋಗಿಬಿಟ್ಟದೆ ಅಂದಾಗ ತಟ್ಟೆಯಲ್ಲಿದ್ದ ಅನ್ನ ಹಾಗೇ ಬಿಟ್ಟು ಎದ್ದವಳು, ನಲವತ್ತು ವರ್ಷ ಸೂಲಗಿತ್ತಿಯಾಗಿ ಹೀಗೇ ಎದ್ದವಳು, ಸೋಮವಾರಪೇಟೆ ಸುತ್ತಿನ ಗುಡ್ಡಗಳನ್ನೆಲ್ಲ ಏರಿಳಿದವಳು, ಕರೆಯಲು ಬಂದ ಗಂಡಸರೇ ಹಿಂದೆ ಬಿದ್ದು ಸ್ವಲ್ಪ ನಿಲ್ಲಿ ಅವ್ವಾ ಅನ್ನುತ್ತಿದ್ದರು, ಇವತ್ತು ಚೋಮ ತಿರುಗಿ ತಿರುಗಿ ನೋಡುತ್ತ ನಿಂತ ಜಾಗದಲ್ಲೇ ತುದಿಗಾಲಲ್ಲಿದ್ದ, ಸೊಸೆ ಯಮುನ ಅವಳ ಕೈಯಿಂದ ಬಟ್ಟೆಗಂಟು ತೆಗೆದುಕೊಂಡು ಅತ್ತೆ, ನಾನು ಇವರ ಜೊತೆ ಮುಂದೆ ಹೋಗಿರ್ತೀನಿ, ನೀವು ನಿಧಾನಕ್ಕೆ ಬನ್ನಿ — ನಿಧಾನಕ್ಕೆ! — ಬೇಡ ಅನ್ನಬೇಕೆಂದು ಬಾಯಿ ತೆರೆದಳು, ಹೋಗು ಅಂದಳು, ಆದ್ರೆ ನಾನು ಬರೋತನಕ ನೀನು ಕೈ ಹಾಕಬೇಡ.

ಈಗ ಬಿಟ್ಟಿದೆ, ನಡೆ, ಹೆಜ್ಜೆ ಎಣಿಸಬಾರದು, ಎಣಿಸಿದರೆ ಬೇಗ ಹಿಡಿಯುತ್ತದೆ, ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಮೊಣ್ಣಪ್ಪ ಪಾದದ ಮೇಲೆ ಬೆರಳೊತ್ತಿ ಹುಡುಕಿದ್ದ, ಹುಡುಕಿದ್ದ, ಇಲ್ಲಿ ನಾಡಿ ಸಿಗ್ತಿಲ್ಲ ಕೆಂಚಮ್ಮ, ವಯಸ್ಸಾಗ್ತಾ ರಕ್ತನಾಳ ಗಟ್ಟಿಯಾಗ್ತದೆ, ಒಳಗೆ ದಾರಿ ಸಣ್ಣದಾಗ್ತದೆ, ನಡೆದಾಗ ಕಾಲು ಹೆಚ್ಚು ರಕ್ತ ಕೇಳ್ತದೆ, ಅಷ್ಟು ಬರೋದಿಲ್ಲ, ಹೊಗೆಸೊಪ್ಪು ಬಿಡಿ — ಬಿಟ್ಟೆನಲ್ಲ, ದೀಪಾವಳಿಗೆ ಬಿಟ್ಟೆ, ಏನು ಬಂತು, ಅವತ್ತು ಮನೆಗೆ ಬಂದು ತಾನೇ ಒತ್ತಿ ನೋಡಿದ್ದಳು, ಎಷ್ಟು ಬಸುರಿಯರ ಮಣಿಕಟ್ಟು ಹಿಡಿದ ಬೆರಳು, ತನ್ನ ಪಾದ ಮಾತ್ರ ತಣ್ಣಗೆ, ಸುಮ್ಮನೆ, ಬೇರೆಯವರದ್ದರ ಹಾಗೆ. ಸೌದೆ ಹೊತ್ತ ಒಬ್ಬಳು ಎದುರು ಬಂದು ಏನವ್ವಾ ಇಲ್ಲಿ ನಿಂತ್ರಿ ಅಂದಳು, ಓಹ್, ಮತ್ತೆ ನಿಂತಿದ್ದಾಳೆಯೇ, ಏನಿಲ್ಲ ಕಣೆ ಸೊಪ್ಪು ನೋಡ್ತಿದ್ದೆ, ಸೊಪ್ಪಂತೆ, ಸುಳ್ಳು ಬೇರೆ. ಮೂರು ವರ್ಷದಿಂದ ಯಮುನ ಜೊತೆಗೆ ಬರುತ್ತಾಳೆ, ನೀರು ಕಾಯಿಸು, ಬಟ್ಟೆ ಹಿಂಡು, ಅಷ್ಟೇ, ಹೊಕ್ಕುಳಬಳ್ಳಿಗೆ ದಾರ ಕಟ್ಟಲು ಒಮ್ಮೆಯೂ ಕೊಟ್ಟಿಲ್ಲ, ಇನ್ನೂ ಚಿಕ್ಕವಳು ಅನ್ನುತ್ತಾಳೆ ಕೇಳಿದವರಿಗೆ, ಅವಳಿಗೆ ಇಪ್ಪತ್ತಾರು, ತಾನು ಶುರುಮಾಡಿದಾಗ ಇಪ್ಪತ್ತೆರಡು, ಅವಳಿಗೆ ಕೊಟ್ಟರೆ ಆಮೇಲೆ ಅಂಗಳಕ್ಕೆ ಬಂದವರು ಯಾರನ್ನು ಕರೆಯುತ್ತಾರೆ — ನಡೆ. ಅಗೋ ಲೈನಿನ ಹೊಗೆ. ಹಿಡಿಯಿತು, ಹಿಡಿಯಲಿ, ಈ ಸಲ ನಿಲ್ಲುವುದಿಲ್ಲ, ಹಲ್ಲು ಕಚ್ಚಿ ಹತ್ತು ಹೆಜ್ಜೆ, ಇನ್ನು ಹತ್ತು, ಪಾದ ಎಲ್ಲಿದೆ, ನೆಲ ಎಲ್ಲಿದೆ, ಧೊಪ್ಪನೆ ಕೂತಳು ದಾರಿಯ ಕೆಸರಲ್ಲಿ, ಸೀರೆ ಹಾಳು, ಮುಷ್ಟಿಯಿಂದ ಕಾಲಿಗೆ ಗುದ್ದಿದಳು, ಏಳು ಮುಂಡೇದೆ ಏಳು, ಆಗ ಕೇಳಿಸಿತು, ಕೆಳಗಿನ ಲೈನಿನಿಂದ, ಬೆಕ್ಕಿನಂತೆ ತೆಳ್ಳಗೆ, ಆಮೇಲೆ ಜೋರಾಗಿ, ಮಗುವಿನ ಅಳು.

ಸಂತೋಷ ಆಗಬೇಕಿತ್ತು. ಕಾಲೆಳೆಯುತ್ತ ತಲುಪಿದಾಗ ಬಾಗಿಲಲ್ಲಿ ಚೋಮ ನಗುತ್ತ ಅಳುತ್ತ ಹೆಣ್ಣು ಅವ್ವಾ ಅಂದ, ಒಳಗೆ ಯಮುನ ಎದ್ದು ನಿಂತಳು, ಮೊಣಕೈತನಕ ರಕ್ತ, ಗದರುತ್ತಾರೆಂಬ ಮುಖ, ಅತ್ತೆ, ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು, ಎರಡು ಸುತ್ತು, ಮಗು ನೀಲಿಯಾಗ್ತಿತ್ತು, ನೀವು ಬರೋತನಕ ಕಾಯೋಕಾಗ್ಲಿಲ್ಲ — ಕಾದಿದ್ದರೆ, ತನ್ನ ಮಾತು ಕೇಳಿದ್ದರೆ — ಕೂತು ಮಗುವಿನ ಬಟ್ಟೆ ಬಿಡಿಸಿದಳು, ಗಂಟು ಸಡಿಲವಿರಬೇಕು, ಬಳ್ಳಿ ಉದ್ದ ಬಿಟ್ಟಿರಬೇಕು, ಏನಾದರೊಂದು ಇರಲೇಬೇಕು, ಬೆರಳಿಟ್ಟು ಅಳೆದಳು, ಸರಿಯಾಗಿ ಎರಡು ಬೆರಳು, ಎಳೆದು ನೋಡಿದಳು, ಬಿಗಿ, ಒಂದು ತೊಟ್ಟು ಒಸರಿಲ್ಲ, ಇನ್ನೊಮ್ಮೆ ಅಳೆದಳು, ಎರಡು ಬೆರಳು, ಬಿಳಿ ದಾರದ ಗಂಟು, ಸಣ್ಣದು, ನೇರ, ಅತ್ತೆ ಎಂದು ಯಮುನ ಏನೋ ಹೇಳುತ್ತಿದ್ದಾಳೆ, ಆ ಗಂಟು, ಬಿಳಿ, ಬಿಗಿ, ಆ ಗಂಟು