ಪಕ್ಕಕ್ಕೆ ಒತ್ತು

"ಅಳೋದಿದ್ರೆ ಹೊರಗೆ ಹೋಗಿ ಅಳು. ಇದು ಕಚೇರಿ, ನಿನ್ನ ಗಂಡನ ಗೋರಿಯಲ್ಲ."

ಅವಳು ಅಳುತ್ತಿರಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಆವಿ ತಿಂದ ಕಣ್ಣು ಅವು, ಸದಾ ನೀರು ಸುರಿಯುತ್ತಿದ್ದವು. ಅದನ್ನು ಈ ಕಾರ್ಮಿಕ ಅಧಿಕಾರಿಗೆ ಹೇಳಿ ಏನಾಗಬೇಕಾಗಿದೆ? ತೋಳಿನಿಂದ ಮುಖ ಒರೆಸಿಕೊಂಡು ಕರಾರಿನ ಕಾಗದವನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು.

"ನನ್ನ ಗಂಡನ ಹೆಬ್ಬೆಟ್ಟಿದೆ ಸಾಹೇಬ್ರೆ. ಧಣಿ ಸಹಿನೂ ಇದೆ. ಅವನು ಅಲ್ಲಿ ಕೆಲ್ಸಕ್ಕಿದ್ದ ಅಂತ ಇದೇ ಹೇಳುತ್ತಲ್ಲ?"

"ರೆವಿನ್ಯೂ ಸ್ಟಾಂಪ್ ಎಲ್ಲಿ?"

ನೀಲಿ ಹೆಬ್ಬೆಟ್ಟಿನ ಪಕ್ಕದಲ್ಲಿ ಅಂಟು ಒಣಗಿ ಹಳದಿಗಟ್ಟಿದ ಒಂದು ಪುಟ್ಟ ಚೌಕವಿತ್ತು, ಅಷ್ಟೇ.

"ಸ್ಟಾಂಪ್ ಇಲ್ಲದ ಕರಾರು ನನ್ನ ಕಣ್ಣಿಗೆ ಕಾಣಲ್ಲ."

"ಕಣ್ಣ ಮುಂದೇನೇ ಇದೆಯಲ್ಲ ಸಾಹೇಬ್ರೆ."

"ಕಾನೂನಿಗೆ ಕಾಣಲ್ಲ ಅಂದೆ! ಯಾರೋ ಕಿತ್ಕೊಂಡಿದಾರೆ. ಹೆಬ್ಬೆಟ್ಟನ್ನ ಸ್ಟಾಂಪ್ ಮೇಲೇ ಒತ್ತಬೇಕು, ಅರ್ಧ ಅದರ ಮೇಲೆ, ಅರ್ಧ ಕಾಗದದ ಮೇಲೆ. ಆಗ ಕಿತ್ರೂ ಇನ್ನೊಂದು ಕಡೆ ಅಂಟಿಸೋಕಾಗಲ್ಲ. ಇಷ್ಟೂ ಗೊತ್ತಿಲ್ವಾ ನಿಮ್ಮಂಥ ಹೆಬ್ಬೆಟ್ಟುಗಳಿಗೆ? ನಡಿ, ನಡಿ."

ಬಣ್ಣ ಕುದಿಯುವ ತೊಟ್ಟಿಯ ಮೇಲಿನ ಹಲಗೆ ಮುರಿದು ಅವಳ ಗಂಡ ಬಿದ್ದಿದ್ದ. ಎಲ್ಲರೂ ನೋಡಿದ್ದರು. ಸಂಜೆಯೊಳಗೆ ಧಣಿ, ಯಾವನೋ ಕುಡುಕ ಒಳಗೆ ನುಗ್ಗಿ ಬಿದ್ದು ಸತ್ತ ಎಂದು ಬರೆಸಿದ. ನೋಡಿದವರ ಬಾಯಿಗೆಲ್ಲ ಬೀಗ ಬಿತ್ತು, ಅವರದೂ ಹೊಟ್ಟೆಪಾಡು. ಯಾವನೋ ಅಂತೆ! ಮೀಸೆ ಮೂಡುವ ಮೊದಲಿನಿಂದ ಆ ತೊಟ್ಟಿಯ ಮೇಲೆ ನಿಂತು ಬಟ್ಟೆ ಮಗುಚಿದವನು ಯಾವನೋ! ಅವನು ನಮ್ಮ ಆಳು, ನಮ್ಮ ಕೆಲಸದಲ್ಲೇ ಸತ್ತ ಎಂದು ಧಣಿಯ ಬಾಯಿಂದ ಬರಬೇಕಿತ್ತು. ಅವಳು ಕೇಳಿದ್ದು ಅದನ್ನೇ.

ಕಾರ್ಖಾನೆಯ ದಾರಿ ಹಿಡಿದವಳಿಗೆ ಕರಾರಿನ ದಿನ ನೆನಪಾಯಿತು. ತಪಾಸಣೆಯವರು ಬರುತ್ತಾರೆಂದು ಅವಸರದಲ್ಲಿ ಎಲ್ಲ ಗಂಡಾಳುಗಳ ಹೆಬ್ಬೆಟ್ಟು ಒತ್ತಿಸಿಕೊಂಡು, ಸ್ಟಾಂಪಿನ ದುಡ್ಡನ್ನೂ ಕೂಲಿಯಲ್ಲೇ ಹಿಡಿದಿದ್ದರು. ಗಂಡ ಮನೆಗೆ ಬಂದು ಕಾರ್ಖಾನೆಯ ಗುಮಾಸ್ತನ ಹಾಗೇ ಮೂತಿ ಮಾಡಿ ತೋರಿಸಿದ್ದ. "'ಸ್ಟಾಂಪ್ ಮೇಲೆ ಬೇಡ್ವೋ ಮುಠ್ಠಾಳ, ಗಲೀಜಾಗುತ್ತೆ, ಪಕ್ಕಕ್ಕೆ ಒತ್ತು' ಅಂದ ಕಣೇ. ನನಗಿಂತ ಆ ಚೀಟಿಗೇ ಮರ್ಯಾದೆ ಜಾಸ್ತಿ ನೋಡು!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ತಪಾಸಣೆ ಮುಗಿದ ಮೇಲೆ ಕಾಗದ ಕೈಗೆ ಬಂದಾಗ ಅದರ ಮೇಲೆ ಆ ಸ್ಟಾಂಪ್ ಇರಲಿಲ್ಲ. ಅದೊಂದು ದೊಡ್ಡ ವಿಷಯ ಅಂತ ಇಬ್ಬರಿಗೂ ಅನ್ನಿಸಿರಲಿಲ್ಲ.

ಅವಳೂ ಅದೇ ಕಾರ್ಖಾನೆಯಲ್ಲಿ ಬಟ್ಟೆ ಜಾಲಿಸುವವಳು. ಗಂಡ ಸತ್ತನೆಂದು ಕೂತರೆ ಆ ಕೂಲಿಗೂ ಕಲ್ಲು ಬೀಳುತ್ತಿತ್ತು.

"ಬಂದ್ಲಪ್ಪಾ ಮಹಾರಾಣಿ! ಮಧ್ಯಾಹ್ನ ಆದ್ಮೇಲೆ ಬೆಳಗಾಯ್ತಾ?" ಗುಮಾಸ್ತ ಒಳಗಿನಿಂದಲೇ ಕೂಗಿದ.

ಅವಳು ಬಾಗಿಲಲ್ಲೇ ನಿಂತಳು. ಗುಮಾಸ್ತನ ಮೇಜಿನ ಮುಂದೆ ತೊಟ್ಟಿಯ ಕೆಲಸಕ್ಕೆ ಬಂದ ಹೊಸಬ ಕೈಕಟ್ಟಿಕೊಂಡು ನಿಂತಿದ್ದ. ಮೈಮೇಲೆ ಅವಳ ಗಂಡನ ರಬ್ಬರ್ ಏಪ್ರನ್. ಕಿತ್ತುಹೋಗಿದ್ದ ಪಟ್ಟಿಗೆ ಅವಳೇ ಹಾಕಿದ ಕೆಂಪು ದಾರದ ಹೊಲಿಗೆ ಹಾಗೇ ಇತ್ತು.

ಗುಮಾಸ್ತ ಡ್ರಾಯರಿನಿಂದ ಒಂದು ಸ್ಟಾಂಪ್ ತೆಗೆದ. ಹೊಸದಲ್ಲ, ಅಂಚು ಸವೆದಿತ್ತು. ಮೂಲೆಗೆ ಮಾತ್ರ ಚೂರು ಗೋಂದು ಸವರಿ ಕರಾರಿಗೆ ಅಂಟಿಸಿದ.

"ಹ್ಞೂಂ, ಹೆಬ್ಬೆಟ್ಟು. ಸ್ಟಾಂಪ್ ಮೇಲಲ್ಲ ಕಣೋ, ಪಕ್ಕಕ್ಕೆ ಒತ್ತು."

"ತಡಿ ತಮ್ಮಾ," ಎನ್ನುತ್ತ ಅವಳು ಒಳಗೆ ನುಗ್ಗಿದಳು. ಹೊಸಬನ ಕೈ ಹಿಡಿದು, ಇನ್ನೂ ಬಣ್ಣ ಹತ್ತದ ಅವನ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ, ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಇಟ್ಟು ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು.

"ಅಯ್ಯಯ್ಯೋ! ಏನ್ ಮಾಡ್ದೆ ಮುಂಡೆ! ಹಾಳಾಯ್ತಲ್ಲೇ!"

"ಕೀಳೋ ಈಗ, ಸೂಳೆಮಗನೆ! ಕಿತ್ತು ಇನ್ನೊಬ್ಬನಿಗೆ ಅಂಟಿಸು ನೋಡೋಣ!"

ಹೊಸಬ ಕೈ ಬಿಡಿಸಿಕೊಳ್ಳಲು ಎಳೆದಾಡಿದ. "ಬಿಡಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಕೆಲ್ಸ ಹೋಗುತ್ತೆ."

"ಹೋದ್ರೆ ಹೋಗ್ಲಿ," ಎಂದಳು. ಈಗ ನಿಜವಾಗಿಯೂ ಅಳುತ್ತಿದ್ದಳು. "ಉಳಿದ್ರೆ, ಸತ್ತಾಗ ಯಾವನೋ ಆಗಲ್ಲ ನೀನು."

ಕಾವಲುಗಾರ ಬಂದು ರಟ್ಟೆ ಹಿಡಿದು ಎಳೆಯುವವರೆಗೂ ಅವಳು ಆ ಹೆಬ್ಬೆಟ್ಟನ್ನು ಬಿಡಲಿಲ್ಲ.